ಓಡುವ ಚಿತ್ರಕ್ಕೊಂದು ಪರದೆ

ಬೆಂಗಳೂರಿನ ಎಸ್‌.ಪಿ. ರೋಡಿನ ಇಕ್ಕಟ್ಟಿನ ಅಂಗಡಿಯಾಗಲಿ, ಮಾಲ್‌ನ ತಣ್ಣನೆಯ ಮಳಿಗೆಯಾಗಲಿ, ಮಾನಿಟರ್ ಮಾರುವವರು ಅದರ ಮೇಲೆ ಹಾಕಿ ತೋರಿಸುವುದು ಹೆಚ್ಚಾಗಿ ನಿಂತ ಚಿತ್ರವನ್ನೇ. ಇಬ್ಬನಿ ಕೂತ ಎಲೆ, ಗಿಳಿಯ ರೆಕ್ಕೆ, ಇರುಳ ದೀಪಗಳಲ್ಲಿ ಹೊಳೆಯುವ ಯಾವುದೋ ನಗರ. ಕ್ಯಾಮೆರಾ ಅಲುಗಿದರೂ ಆಮೆ ನಡಿಗೆಯಲ್ಲಿ ಅಲುಗುತ್ತದೆ. ಪುಕ್ಕದ ಒಂದೊಂದು ಎಳೆಯೂ ಎಣಿಸುವಷ್ಟು ನಿಚ್ಚಳವಾಗಿರುವ ಆ ಚಿತ್ರದ ಮುಂದೆ ನಿಂತವರಿಗೆ 4ಕೆ ಪರದೆಯ ಮೇಲೆ ಮನಸ್ಸಾಗುವುದು ಸಹಜ. ಆದರೆ ಅವರು ಕೊಳ್ಳಲು ಬಂದಿರುವುದು ಆಟಕ್ಕಾಗಿ, ಮತ್ತು ಆಟದಲ್ಲಿ ಚಿತ್ರ ನಿಲ್ಲುವುದೇ ಇಲ್ಲ. ಆಟಗಾರ ಮೌಸ್ ಅಲುಗಿಸಿದ ಪ್ರತಿ ಸಲವೂ ಇಡೀ ಲೋಕ ಪಕ್ಕಕ್ಕೆ ಸರಿಯುತ್ತದೆ. ಕಾರು ತಿರುವಿಗೆ ಬಂದಾಗ ರಸ್ತೆ, ಮರ, ಬೇಲಿ ಎಲ್ಲವೂ ಹರಿದುಹೋಗುತ್ತವೆ. ರೆಸಲ್ಯೂಷನ್ ಎನ್ನುವುದು ನಿಂತ ಚಿತ್ರದ ಅಳತೆ. ಓಡುವ ಚಿತ್ರ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದನ್ನು ಹೇಳುವ ಅಂಕಿಗಳೇ ಬೇರೆ. ಆಟಕ್ಕೆ ಪರದೆ ಆರಿಸುವವರು ಮೊದಲು ಆ ಅಂಕಿಗಳನ್ನು ನೋಡಬೇಕು, ಪಿಕ್ಸೆಲ್ ಲೆಕ್ಕವನ್ನು ಆಮೇಲೆ ನೋಡಬೇಕು ಎಂಬುದು ನನ್ನ ವಾದ. ಆ ಕ್ರಮದಲ್ಲಿ ಯೋಚಿಸುತ್ತ ಹೋದರೆ ಇವತ್ತು ಬಹುಮಂದಿಗೆ ಒಪ್ಪುವುದು 144 ಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚು ವೇಗದ, 27 ಇಂಚಿನ 1440ಪಿ ಪರದೆ.

ಪಿಕ್ಸೆಲ್ ಲೆಕ್ಕಕ್ಕೆ ಸಲ್ಲಬೇಕಾದ ಗೌರವ ಮೊದಲು ಸಲ್ಲಲಿ. 1080ಪಿ ಪರದೆಯಲ್ಲಿ, ಅಂದರೆ 1920×1080ರಲ್ಲಿ, ಸುಮಾರು 20 ಲಕ್ಷದ 73 ಸಾವಿರ ಚುಕ್ಕಿಗಳಿವೆ. 2560×1440ರ ಪರದೆಯಲ್ಲಿ 36 ಲಕ್ಷದ 86 ಸಾವಿರ; 3840×2160ರ 4ಕೆಯಲ್ಲಿ 82 ಲಕ್ಷದ 94 ಸಾವಿರ. 27 ಇಂಚಿನ ಪರದೆಯಲ್ಲಿ ಇವನ್ನು ಹರಡಿದರೆ ಒಂದು ಚುಕ್ಕಿಯ ಅಗಲ 1080ಪಿಗೆ 0.31 ಮಿ.ಮೀ., 1440ಪಿಗೆ 0.23 ಮಿ.ಮೀ., 4ಕೆಗೆ 0.16 ಮಿ.ಮೀ. ಇದರಲ್ಲಿ ಕಣ್ಣಿಗೆ ಕಾಣುವುದು ಎಷ್ಟು ಎಂಬುದಕ್ಕೆ ಕಣ್ಣಿನ ಡಾಕ್ಟರ ಕೋಣೆಯ ಗೋಡೆಯಲ್ಲಿರುವ ಅಕ್ಷರಪಟವೇ ಉತ್ತರ ಕೊಡುತ್ತದೆ. ಡಚ್ ವೈದ್ಯ ಸ್ನೆಲೆನ್ 1862ರಲ್ಲಿ ರೂಪಿಸಿದ ಆ ಪಟದಲ್ಲಿ 6/6 ಎಂದು ಗುರುತಿಸುವ ಸಾಲಿನ ಅಕ್ಷರಗಳ ಗೆರೆಯ ದಪ್ಪ ಸುಮಾರು 1.75 ಮಿ.ಮೀ. ಆರು ಮೀಟರ್ ದೂರದಿಂದ ಅದನ್ನು ಓದಬಲ್ಲ ಕಣ್ಣು ಆರೋಗ್ಯವಂತ ಕಣ್ಣು. ಮೇಜಿನ ಮುಂದೆ ಕೂತವರ ಕಣ್ಣಿಗೂ ಮಾನಿಟರ್‌ಗೂ ಸಾಮಾನ್ಯವಾಗಿ 60 ಸೆಂ.ಮೀ. ಅಂತರ, ಅಂದರೆ ಆರು ಮೀಟರಿನ ಹತ್ತನೇ ಒಂದು ಪಾಲು. ಹಾಗಾಗಿ ಅಲ್ಲಿ ಕಣ್ಣು ಬಿಡಿಸಿ ನೋಡಬಲ್ಲ ಗೆರೆ 0.175 ಮಿ.ಮೀ. 4ಕೆಯ ಚುಕ್ಕಿ ಇದಕ್ಕಿಂತ ಕೊಂಚ ಚಿಕ್ಕದು, 1440ಪಿಯದು ಕೊಂಚ ದೊಡ್ಡದು. ಕುರ್ಚಿಗೆ ಒರಗಿ 80 ಸೆಂ.ಮೀ. ದೂರ ಹೋದರೆ 1440ಪಿಯ ಚುಕ್ಕಿಯೂ ಕಣ್ಣಿಗೆ ಸಿಗದು. ಓರೆ ಗೆರೆಗಳ ಗರಗಸದ ಅಂಚನ್ನು ಕಣ್ಣು ಇದಕ್ಕಿಂತಲೂ ಸೂಕ್ಷ್ಮವಾಗಿ ಗುರುತಿಸುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಆದ್ದರಿಂದ 60 ಸೆಂ.ಮೀ. ದೂರದಲ್ಲಿ, ನಿಂತ ಚಿತ್ರದಲ್ಲಿ, 4ಕೆ 1440ಪಿಗಿಂತ ಮೇಲು. ಇದರಲ್ಲಿ ತಕರಾರಿಲ್ಲ.

ಇನ್ನು ಚಿತ್ರವನ್ನು ಓಡಿಸಿ ನೋಡೋಣ. ಇವತ್ತಿನ ಎಲ್‌ಸಿಡಿ, ಒಎಲ್‌ಇಡಿ ಪರದೆಗಳು ಒಂದು ಫ್ರೇಮನ್ನು ತೋರಿಸಿದ ಮೇಲೆ ಮುಂದಿನ ಫ್ರೇಮ್ ಬರುವ ತನಕ ಅದನ್ನೇ ಹಿಡಿದಿಟ್ಟುಕೊಳ್ಳುತ್ತವೆ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ 60 ಹರ್ಟ್ಸ್ ಪರದೆಯಲ್ಲಿ ಈ ಹಿಡಿತ 16.7 ಮಿಲಿಸೆಕೆಂಡ್. ನಮ್ಮ ಕಣ್ಣು ಮಾತ್ರ ಹಾಗೆ ತಡೆದು ತಡೆದು ಚಲಿಸುವುದಿಲ್ಲ. ಓಡುವ ವಸ್ತುವನ್ನು ಹಿಂಬಾಲಿಸುವಾಗ ಅದು ನುಣುಪಾಗಿ ಸರಿಯುತ್ತ ಹೋಗುತ್ತದೆ. ಕಣ್ಣು ಸರಿಯುತ್ತಿದೆ, ಪರದೆಯ ಮೇಲಿನ ಚಿತ್ರ ಆ 16.7 ಮಿಲಿಸೆಕೆಂಡ್ ನಿಂತೇ ಇದೆ. ಹಾಗಾಗಿ ಅಕ್ಷಿಪಟಲದ ಮೇಲೆ ಚಿತ್ರ ಉಜ್ಜಿಕೊಂಡು ಮಸುಕಾಗುತ್ತದೆ. ಈ ಮಸುಕಿನ ಅಗಲವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. 27 ಇಂಚಿನ ಪರದೆಯ ಅಗಲ ಸುಮಾರು 598 ಮಿ.ಮೀ. ಒಂದು ವಸ್ತು ಎಡಗಡೆಯಿಂದ ಬಲಗಡೆಗೆ ಎರಡು ಸೆಕೆಂಡಿನಲ್ಲಿ ದಾಟಿತು ಎಂದುಕೊಳ್ಳಿ. ಆಟದಲ್ಲಿ ಇದೇನೂ ಭಾರಿ ವೇಗವಲ್ಲ, ಸಾವಕಾಶವಾಗಿ ಸುತ್ತ ನೋಡುವ ವೇಗ. 60 ಹರ್ಟ್ಸ್‌ನಲ್ಲಿ ಪ್ರತಿ ಫ್ರೇಮಿಗೆ ಅದು ಸುಮಾರು 5 ಮಿ.ಮೀ. ಸರಿಯುತ್ತದೆ, ಮಸುಕಿನ ಅಗಲವೂ ಅಷ್ಟೇ. 144 ಹರ್ಟ್ಸ್‌ನಲ್ಲಿ ಅದು 2 ಮಿ.ಮೀ.ಗೆ ಇಳಿಯುತ್ತದೆ, 240ರಲ್ಲಿ 1.25 ಮಿ.ಮೀ.ಗೆ. ಈ ಲೆಕ್ಕದಲ್ಲಿ ರೆಸಲ್ಯೂಷನ್ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಚುಕ್ಕಿ 0.31 ಮಿ.ಮೀ. ಇರಲಿ, 0.16 ಇರಲಿ, 60 ಹರ್ಟ್ಸ್‌ನ ಮಸುಕು 5 ಮಿ.ಮೀ.ಯೇ. ದುಡ್ಡು ಕೊಟ್ಟು ತಂದ 0.16 ಮಿ.ಮೀ. ಸೂಕ್ಷ್ಮತೆ, ಕ್ಯಾಮೆರಾ ತಿರುಗಿದ ಗಳಿಗೆಯಲ್ಲಿ 5 ಮಿ.ಮೀ. ಮಸುಕಿನೊಳಗೆ ಹೂತುಹೋಗುತ್ತದೆ.

ಇದರ ಅರ್ಥ ಆಟದೊಳಗೆ ಏನು ಎಂದು ಒಂದು ದೃಶ್ಯವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಗುಂಡು ಹಾರಿಸುವ ಆಟ, ಅಡ್ಡಕ್ಕೆ 90 ಡಿಗ್ರಿ ನೋಟ, ನೂರು ಮೀಟರ್ ಆಚೆ ಬೇಲಿಯ ಪಕ್ಕದಲ್ಲಿ ಒಬ್ಬ ಎದುರಾಳಿ. ಅಷ್ಟು ದೂರದಲ್ಲಿ ಪರದೆಯ ಪೂರ್ತಿ ಅಗಲ 200 ಮೀಟರ್ ನೆಲವನ್ನು ತೋರಿಸುತ್ತಿರುತ್ತದೆ. ಒಂದು ಮೀಟರಿಗೆ ಸಿಗುವುದು 3 ಮಿ.ಮೀ. ಐದೂಮುಕ್ಕಾಲು ಅಡಿಯ ಆ ಮನುಷ್ಯ ಪರದೆಯ ಮೇಲೆ ಸುಮಾರು 5 ಮಿ.ಮೀ. ಎತ್ತರ, ಒಂದೂವರೆ ಮಿ.ಮೀ. ಅಗಲ. 1080ಪಿಯಲ್ಲಿ ಅವನು ನಿಂತಿರುವುದು 16 ಚುಕ್ಕಿಗಳ ಎತ್ತರದಲ್ಲಿ, 1440ಪಿಯಲ್ಲಿ 22, 4ಕೆಯಲ್ಲಿ 33. ತಲೆಯೊಂದನ್ನೇ ತೆಗೆದುಕೊಂಡರೆ 1080ಪಿಯಲ್ಲಿ ಎರಡೂವರೆ ಚುಕ್ಕಿಯೂ ಇಲ್ಲ, 4ಕೆಯಲ್ಲಿ ಹತ್ತಿರ ಹತ್ತಿರ ಐದು. ಇದನ್ನು ನೋಡಿ 4ಕೆ ಪರವಾಗಿ ವಾದಿಸುವವರು ತಪ್ಪು ಹೇಳುತ್ತಿಲ್ಲ: ಆಟಗಾರ ಉಸಿರು ಬಿಗಿಹಿಡಿದು ಅಲುಗದೆ ಗುರಿಯಿಟ್ಟಿದ್ದರೆ ಎರಡೂವರೆಗೂ ಐದಕ್ಕೂ ಇರುವ ವ್ಯತ್ಯಾಸ ದೊಡ್ಡದೇ. ಆದರೆ ಎದುರಾಳಿಯನ್ನು ಮೊದಲು ಕಂಡುಹಿಡಿಯಬೇಕಲ್ಲ. ಕಂಡುಹಿಡಿಯುವುದು ಸುತ್ತ ನೋಟ ಹಾಯಿಸುತ್ತಿರುವಾಗ. ಆಗ 60 ಹರ್ಟ್ಸ್ ಪರದೆಯಲ್ಲಿ ಒಂದೂವರೆ ಮಿ.ಮೀ. ಅಗಲದ ಮನುಷ್ಯನ ಮೇಲೆ 5 ಮಿ.ಮೀ. ಮಸುಕು ಬಳಿದಿರುತ್ತದೆ. ಅವನೂ ಬೇಲಿಯ ಕಂಬವೂ ಒಂದೇ ಬೂದು ಗೆರೆ. 240 ಹರ್ಟ್ಸ್‌ನಲ್ಲಿ ಮಸುಕು ಅವನಿಗಿಂತ ಕಿರಿದಾಗುತ್ತದೆ, ಮನುಷ್ಯ ಮನುಷ್ಯನಾಗಿ ಕಾಣುತ್ತಾನೆ. ಕೌಂಟರ್ ಸ್ಟ್ರೈಕ್‌ನ ವೃತ್ತಿಪರ ಆಟಗಾರರಲ್ಲಿ ಅನೇಕರು ಈ ಕಾಲದಲ್ಲೂ 1280×960ರಂಥ ಹಳೆಯ ರೆಸಲ್ಯೂಷನ್ ಇಟ್ಟುಕೊಂಡು, 240, 360 ಹರ್ಟ್ಸ್ ಪರದೆಗಳ ಮೇಲೆ ಆಡುವುದಕ್ಕೆ ಅಭ್ಯಾಸಬಲವೂ ಒಂದು ಕಾರಣ ಇರಬಹುದು. ಆದರೆ ಗೆಲುವೇ ಜೀವನೋಪಾಯವಾದವರು ಯಾವುದನ್ನು ಬಿಟ್ಟು ಯಾವುದನ್ನು ಇಟ್ಟುಕೊಂಡರು ಎಂಬುದು ಸಣ್ಣ ಸಾಕ್ಷ್ಯವಲ್ಲ.

ಹೆಚ್ಚು ಪಿಕ್ಸೆಲ್ ಎಂಬುದು ಹೊಸ ಸಾಧನೆಯೂ ಅಲ್ಲ. ಐಬಿಎಂ 2001ರಲ್ಲೇ 22.2 ಇಂಚಿನ, 3840×2400ರ ಮಾನಿಟರನ್ನು ಮಾರುಕಟ್ಟೆಗೆ ತಂದಿತ್ತು. ಇಂಚಿಗೆ 204 ಚುಕ್ಕಿ. ಇವತ್ತಿನ 27 ಇಂಚಿನ 4ಕೆ ಪರದೆಯ 163 ಅದರ ಮುಂದೆ ಕಡಿಮೆಯೇ. ಆದರೆ ಸೆಕೆಂಡಿಗೆ ಅದು ತೋರಿಸುತ್ತಿದ್ದದ್ದು ಹೆಚ್ಚೆಂದರೆ 41 ಚಿತ್ರ, ಅದಕ್ಕೂ ಹಲವು ಕೇಬಲ್ ಬೇಕಿತ್ತು. ಎಕ್ಸ್‌ರೇ, ನಕ್ಷೆ, ಎಂಜಿನಿಯರಿಂಗ್ ಚಿತ್ರ ನೋಡುವವರಿಗೆ ಅದು ಹೇಳಿಮಾಡಿಸಿದ ಪರದೆ. ಅದೇ ಕಾಲದಲ್ಲಿ ಆಟಗಾರರು ಆಡುತ್ತಿದ್ದದ್ದು ಭಾರವಾದ, ಹಿಂದೆ ಗೂನು ಬೆನ್ನಿದ್ದ ಸಿಆರ್‌ಟಿ ಮಾನಿಟರ್‌ಗಳಲ್ಲಿ. ಅವುಗಳಲ್ಲಿ ಪಿಕ್ಸೆಲ್ ಕಡಿಮೆ. ಆದರೆ ಎಲೆಕ್ಟ್ರಾನ್ ಕಿರಣ ಬೆಳಗಿಸಿದ ಜಾಗ ಕ್ಷಣಮಾತ್ರದಲ್ಲಿ ಆರಿಹೋಗುತ್ತಿದ್ದುದರಿಂದ ಚಿತ್ರವನ್ನು ಹಿಡಿದಿಡುವ ದೋಷ ಅಲ್ಲಿರಲಿಲ್ಲ, ಓಟದ ಚಿತ್ರ ಕೊರೆದಿಟ್ಟಂತೆ ಕಾಣುತ್ತಿತ್ತು. ಎಲ್‌ಸಿಡಿಗೆ ಬದಲಾದಾಗ ನಾವು ಜಾಗ ಉಳಿಸಿದೆವು, ಪಿಕ್ಸೆಲ್ ಗಳಿಸಿದೆವು, ಚಲನೆಯ ಸ್ಪಷ್ಟತೆಯನ್ನು ಕಳೆದುಕೊಂಡೆವು. ಇಪ್ಪತ್ತು ವರ್ಷಗಳಿಂದ ರಿಫ್ರೆಶ್ ರೇಟ್ ಏರಿಸುತ್ತ ಬಂದಿರುವುದು ಬಹುಪಾಲು ಆ ನಷ್ಟವನ್ನು ತುಂಬಿಕೊಳ್ಳಲಿಕ್ಕೆ.

ಹಾಗಾದರೆ ಎರಡನ್ನೂ ಕೊಳ್ಳಬಾರದೇಕೆ, 4ಕೆಯೂ ಇರಲಿ, 240 ಹರ್ಟ್ಸೂ ಇರಲಿ ಎನ್ನಬಹುದು. ಕೊಳ್ಳಬಹುದು. 32 ಇಂಚಿನ 4ಕೆ, 240 ಹರ್ಟ್ಸ್ ಒಎಲ್‌ಇಡಿ ಪರದೆಗಳು 2024ರಲ್ಲಿ ಬಂದವು, ಮರುವರ್ಷ 27 ಇಂಚಿನಲ್ಲೂ ಬಂದವು. ಇವತ್ತು ಸಿಗುವುದರಲ್ಲಿ ಅವಕ್ಕೆ ಸಾಟಿಯಿಲ್ಲ. ಆದರೆ ಪರದೆ ಚಿತ್ರವನ್ನು ಬರೆಯುವುದಿಲ್ಲ, ಬರೆದದ್ದನ್ನು ತೋರಿಸುತ್ತದೆ ಅಷ್ಟೆ. ಬರೆಯುವ ಕೆಲಸ ಗ್ರಾಫಿಕ್ಸ್ ಕಾರ್ಡಿನದು, ಅದರ ದುಡಿಮೆಗೆ ಮಿತಿ ಇದೆ. 4ಕೆಯಲ್ಲಿ ಸೆಕೆಂಡಿಗೆ 60 ಫ್ರೇಮ್ ಎಂದರೆ ಸುಮಾರು 50 ಕೋಟಿ ಚುಕ್ಕಿಗಳ ಬಣ್ಣ ಲೆಕ್ಕ ಹಾಕಬೇಕು. ಅಷ್ಟೇ ದುಡಿಮೆಯನ್ನು 1440ಪಿಗೆ ಹಾಕಿದರೆ ಸೆಕೆಂಡಿಗೆ 135 ಫ್ರೇಮ್ ಸಿಗುತ್ತವೆ. ಪ್ರೊಸೆಸರಿನ ಕೆಲಸ, ನೆರಳು, ಮೆಮೊರಿ ಎಲ್ಲವೂ ಪಿಕ್ಸೆಲ್ ಲೆಕ್ಕಕ್ಕೆ ಸರಿಯಾಗಿ ಏರುವುದಿಲ್ಲವಾದ್ದರಿಂದ ನಿಜವಾದ ಆಟಗಳಲ್ಲಿ ಈ ಅಂತರ ಕೊಂಚ ಕಡಿಮೆಯಾಗುತ್ತದೆ, ಆದರೂ ಗಣನೀಯವಾಗಿಯೇ ಉಳಿಯುತ್ತದೆ. ಸೈಬರ್‌ಪಂಕ್ 2077 ಆಟಕ್ಕೆ 2023ರಲ್ಲಿ ಬೆಳಕಿನ ಪ್ರತಿ ಕಿರಣವನ್ನೂ ಹಿಂಬಾಲಿಸಿ ಚಿತ್ರಿಸುವ ವಿಧಾನ ಬಂದಾಗ, ಆ ಹೊತ್ತಿನ ಅತಿ ಬಲಿಷ್ಠ ಕಾರ್ಡ್ ಆದ ಆರ್‌ಟಿಎಕ್ಸ್ 4090 ಕೂಡ ಪೂರ್ಣ 4ಕೆಯಲ್ಲಿ ಸೆಕೆಂಡಿಗೆ 20 ಫ್ರೇಮಿನ ಆಸುಪಾಸಿನಲ್ಲಿ ತಿಣುಕಿತು. ಬಜೆಟ್ ಒಂದೇ ಇರುವವರಿಗೆ ಇದು ಸರಳ ಆಯ್ಕೆ: ಒಂದೇ ದುಡಿಮೆಯನ್ನು ನಿಂತ ಚುಕ್ಕಿಗಳ ಮೇಲೆ ಹಾಕಬೇಕೋ, ಓಡುವ ಫ್ರೇಮುಗಳ ಮೇಲೆ ಹಾಕಬೇಕೋ.

ಇಲ್ಲಿ ತಿಳಿದವರು ಒಂದು ಗಟ್ಟಿ ಆಕ್ಷೇಪ ಎತ್ತುತ್ತಾರೆ. ಈಗ ಕಾರ್ಡು ಅಷ್ಟೂ ಚುಕ್ಕಿಗಳನ್ನು ಬರೆಯಬೇಕಾಗಿಲ್ಲ, ಎನ್ವಿಡಿಯಾದ ಡಿಎಲ್‌ಎಸ್‌ಎಸ್, ಎಎಂಡಿಯ ಎಫ್‌ಎಸ್‌ಆರ್, ಇಂಟೆಲ್‌ನ ಎಕ್ಸ್‌ಇಎಸ್‌ಎಸ್ ಚಿಕ್ಕ ಚಿತ್ರವನ್ನು ಬುದ್ಧಿವಂತಿಕೆಯಿಂದ ಹಿಗ್ಗಿಸಿ 4ಕೆ ಮಾಡಿಕೊಡುತ್ತವೆ ಎಂದು. ಸರಿಯೇ. 2020ರಲ್ಲಿ ಬಂದ ಡಿಎಲ್‌ಎಸ್‌ಎಸ್‌ನ ಎರಡನೇ ಆವೃತ್ತಿಯಿಂದ ಈ ತಂತ್ರ ನಿಜಕ್ಕೂ ಪಕ್ವವಾಗಿದೆ. ಹಿಂದಿನ ಫ್ರೇಮುಗಳ ಮಾಹಿತಿಯನ್ನು ಬಳಸಿಕೊಂಡು, ತಂತಿಬೇಲಿ, ಎಲೆಗಳ ಅಂಚು, ದೂರದ ವಿದ್ಯುತ್ ಕಂಬಗಳಂಥ ತೆಳು ಗೆರೆಗಳನ್ನು ಅದು ಎಷ್ಟೋ ಸಲ ಮೂಲಕ್ಕಿಂತ ಸ್ಥಿರವಾಗಿ ತೋರಿಸುತ್ತದೆ. ಆದರೆ ಅದರ ಒಳಗಿನ ಲೆಕ್ಕ ನೋಡಿ: 4ಕೆ ಪರದೆಗೆ ‘ಕ್ವಾಲಿಟಿ’ ಆಯ್ಕೆಯಲ್ಲಿ ಅದು ಬರೆಯುವುದು 2560×1440ರ ಚಿತ್ರ, ‘ಪರ್ಫಾರ್ಮೆನ್ಸ್’ ಆಯ್ಕೆಯಲ್ಲಿ 1920×1080ರದು. ಅಂದರೆ 4ಕೆ ಪರದೆ ಕೊಂಡವರಲ್ಲಿ ಬಹುಮಂದಿಯ ಕಾರ್ಡು ಬರೆಯುತ್ತಿರುವುದು 1440ಪಿಯನ್ನೇ, ಇಲ್ಲವೇ ಅದಕ್ಕೂ ಕಡಿಮೆಯದನ್ನು. ಹಿಗ್ಗಿಸುವ ಕೆಲಸಕ್ಕೂ ಪ್ರತಿ ಫ್ರೇಮಿನಲ್ಲಿ ಒಂದಿಷ್ಟು ಸಮಯ ಹೋಗುತ್ತದೆ, ಗುರಿ 4ಕೆ ಆದಾಗ ಆ ಸಮಯ ಹೆಚ್ಚು. ಮೇಲಾಗಿ ಇದೇ ಸೌಲಭ್ಯ 1440ಪಿ ಪರದೆಯವರಿಗೂ ಇದೆ. ನಾನು ಈ ಆಕ್ಷೇಪವನ್ನು ಹೀಗೆ ಒಪ್ಪಿಕೊಳ್ಳುತ್ತೇನೆ: ಹಿಗ್ಗಿಸುವ ತಂತ್ರ ಬಂದ ಮೇಲೆ 4ಕೆ ಪರದೆ ಕೊಳ್ಳುವುದು ಮೊದಲಿನಷ್ಟು ದುಬಾರಿ ತಪ್ಪಾಗಿ ಉಳಿದಿಲ್ಲ. ಆದರೆ 60 ಹರ್ಟ್ಸ್ ಪರದೆಯ 5 ಮಿ.ಮೀ. ಮಸುಕನ್ನು ಯಾವ ಹಿಗ್ಗಿಸುವಿಕೆಯೂ ಕಡಿಮೆ ಮಾಡಲಾರದು. ಎರಡು ನಿಜವಾದ ಫ್ರೇಮುಗಳ ನಡುವೆ ಕಲ್ಪಿತ ಫ್ರೇಮ್ ತುರುಕುವ ತಂತ್ರವಿದೆಯಲ್ಲ ಎಂದರೆ, ಅದನ್ನು ತೋರಿಸಲಿಕ್ಕೂ ವೇಗದ ಪರದೆಯೇ ಬೇಕು. ಕೈಯ ಚಲನೆಗೆ ಚಿತ್ರ ಸ್ಪಂದಿಸುವ ತಡವನ್ನು ಅದು ತಗ್ಗಿಸುವುದೂ ಇಲ್ಲ.

ಮಧ್ಯಮವರ್ಗದ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತು ಬೇರೆ. ಮಾನಿಟರ್ ಹತ್ತು ವರ್ಷ ಬಾಳುವ ವಸ್ತು, ಕಾರ್ಡು ನಾಲ್ಕು ವರ್ಷಕ್ಕೆ ಬದಲಾಗುತ್ತದೆ, ಆದ್ದರಿಂದ ಮುಂದಿನ ಕಾಲಕ್ಕೆಂದು ಇಂದೇ 4ಕೆ ತೆಗೆದಿಡುವುದು ಜಾಣತನ ಎಂಬ ವಾದ. ಇದರಲ್ಲಿ ತೂಕವಿದೆ, ಉಳಿತಾಯದ ಹಿಂದಿನ ವಿವೇಕವೂ ಇದೆ. ಆದರೆ ಈ ವಾದವನ್ನು ಪರೀಕ್ಷಿಸಲು ಭವಿಷ್ಯಕ್ಕೆ ಕಾಯಬೇಕಿಲ್ಲ, ಹಿಂದಕ್ಕೆ ನೋಡಿದರೆ ಸಾಕು. 2015, 2016ರ ಹೊತ್ತಿಗೆ ಇದೇ ಮಾತು ನಂಬಿ 4ಕೆ ಕೊಂಡವರಿಗೆ ಸಿಕ್ಕಿದ್ದು 60 ಹರ್ಟ್ಸ್ ಪರದೆ. ಅವರು ಕಾಯುತ್ತಿದ್ದ ಬಲಶಾಲಿ ಕಾರ್ಡುಗಳು ಬಂದವು, 4ಕೆಯಲ್ಲಿ ನೂರು ಫ್ರೇಮ್ ಬರೆಯಲು ಶಕ್ತವಾದವು. ಪರದೆ ಮಾತ್ರ ಅರವತ್ತಕ್ಕೇ ನಿಂತುಬಿಟ್ಟಿತು. ಅದಕ್ಕೆ ಹಾಕಿದ್ದ ಎಚ್‌ಡಿಎಂಐ 2.0 ಕೇಬಲ್‌ನ ಸಾಮರ್ಥ್ಯ ಸೆಕೆಂಡಿಗೆ 18 ಗಿಗಾಬಿಟ್; 4ಕೆಗೆ 120 ಹರ್ಟ್ಸ್ ಪೂರ್ತಿ ಬಣ್ಣದಲ್ಲಿ ಅದರೊಳಗೆ ತೂರುವುದಿಲ್ಲ. 2018ರಲ್ಲಿ ಆಸುಸ್, ಏಸರ್ ಕಂಪನಿಗಳು ಮೊದಲ 4ಕೆ, 144 ಹರ್ಟ್ಸ್ ಪರದೆಗಳನ್ನು ತಂದಾಗ ಡಿಸ್ಪ್ಲೇಪೋರ್ಟ್ 1.4 ಕೂಡ ಸಾಲದೆ ಬಂತು. ಅದು ಹೊರಬಲ್ಲದ್ದು ಸೆಕೆಂಡಿಗೆ ಸುಮಾರು 26 ಗಿಗಾಬಿಟ್, ಬೇಕಾದದ್ದು 28ಕ್ಕೂ ಹೆಚ್ಚು. ಹಾಗಾಗಿ 144 ಹರ್ಟ್ಸ್ ಮುಟ್ಟಲು ಬಣ್ಣದ ಮಾಹಿತಿಯನ್ನೇ ಅರ್ಧ ಕತ್ತರಿಸಬೇಕಾಯಿತು, ಅಕ್ಷರಗಳ ಅಂಚಿನಲ್ಲಿ ಬಣ್ಣ ಕಲಸಿತು. ಅಷ್ಟು ಬೆಲೆ ತೆತ್ತು ಬೇಗ ಕೊಂಡವರಿಗೆ ಭವಿಷ್ಯ ದಕ್ಕಲಿಲ್ಲ. ಇವತ್ತು ಮುಂದಿನ ಕಾಲಕ್ಕೆಂದು ಕೊಳ್ಳುವವರು ಇದರಿಂದ ತೆಗೆದುಕೊಳ್ಳಬೇಕಾದದ್ದು, ಬೇಗ ಹಳತಾದದ್ದು ಪಿಕ್ಸೆಲ್ ಅಲ್ಲ, ವೇಗ ಮತ್ತು ಕೇಬಲ್ ಎಂಬುದನ್ನು. 4ಕೆಯನ್ನೇ ಕೊಳ್ಳುವುದಾದರೆ ಎಚ್‌ಡಿಎಂಐ 2.1, ಮತ್ತು ಡಿಸ್ಪ್ಲೇಪೋರ್ಟ್‌ನಲ್ಲಿ ಡಿಎಸ್‌ಸಿ ಎಂಬ ಸಂಕೋಚನ ಸೌಲಭ್ಯ, ಕಡಿಮೆಯೆಂದರೂ 144 ಹರ್ಟ್ಸ್ ಇವೆಲ್ಲ ಇವೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. 4ಕೆ ಎಂಬ ಹೆಸರು ಮಾತ್ರ ಇರುವ 60 ಹರ್ಟ್ಸ್ ಪರದೆ ಆಫೀಸಿನ ಕೆಲಸಕ್ಕೆ ಚೆನ್ನ. ಆಟಕ್ಕೆಂದು ಅದನ್ನು ಯಾರಿಗೂ ಸೂಚಿಸಲಾರೆ.

ವೇಗದ ವಾದವನ್ನು ಇನ್ನೊಂದು ತುದಿಗೂ ಎಳೆಯಬಹುದು. ವೇಗವೇ ಮುಖ್ಯವಾದರೆ 1080ಪಿಯಲ್ಲೇ ಉಳಿದು 360, 540 ಹರ್ಟ್ಸ್‌ಗೆ ಏಕೆ ಹೋಗಬಾರದು? ಸ್ಪರ್ಧೆಗೆ ಆಡುವವರು ಹೋಗಲಿ. ಉಳಿದವರಿಗೆ ಆ ದಾರಿಯಲ್ಲಿ ಲಾಭ ಬೇಗ ತೆಳುವಾಗುತ್ತದೆ. 60ರಿಂದ 144 ಹರ್ಟ್ಸ್‌ಗೆ ಹೋದಾಗ ಪ್ರತಿ ಫ್ರೇಮಿನಲ್ಲಿ ಉಳಿಯುವುದು ಹತ್ತಿರ ಹತ್ತಿರ 10 ಮಿಲಿಸೆಕೆಂಡ್. 144ರಿಂದ 240ಕ್ಕೆ ಹೋದರೆ 3ಕ್ಕೂ ಕಡಿಮೆ. 240ರಿಂದ 360ಕ್ಕೆ ಒಂದೂವರೆಯೂ ಇಲ್ಲ. ಮಸುಕು ಒಂದೆರಡು ಮಿ.ಮೀ.ಗೆ ಇಳಿದ ಮೇಲೆ, ಚಿತ್ರ ಆಗಾಗ ನಿಧಾನವಾಗುವ ಸಾಮಾನ್ಯ ಆಟಗಳಲ್ಲಿ, ಚುಕ್ಕಿಯ ಗಾತ್ರ ಮತ್ತೆ ಎದ್ದು ಕಾಣತೊಡಗುತ್ತದೆ. 27 ಇಂಚಿನಲ್ಲಿ 1080ಪಿಯ 0.31 ಮಿ.ಮೀ. ಚುಕ್ಕಿ ಕಣ್ಣಿಗೆ ಒರಟು. ಹೀಗೆ ಎರಡು ಕಡೆಯಿಂದಲೂ ಲೆಕ್ಕ ಬಂದು ಕೂಡುವುದು 1440ಪಿಯ ಹತ್ತಿರ, 144ರಿಂದ 240 ಹರ್ಟ್ಸ್ ನಡುವೆ. ಅದೇ 1440ಪಿಯನ್ನು 32 ಇಂಚಿಗೆ ಹಿಗ್ಗಿಸಿದರೆ ಮಾತ್ರ ಚುಕ್ಕಿ 24 ಇಂಚಿನ 1080ಪಿಯಷ್ಟೇ ದಪ್ಪವಾಗಿ ಗಳಿಸಿದ್ದು ಕೈಬಿಟ್ಟುಹೋಗುತ್ತದೆ. 32 ಇಂಚು ಬೇಕೇಬೇಕೆಂದರೆ 4ಕೆಯೇ ಸರಿ.

4ಕೆಗೆ ನಾನು ಮನಸಾರೆ ಬಿಟ್ಟುಕೊಡುವ ಎರಡು ಸಂದರ್ಭಗಳಿವೆ. ಒಂದು, ನಿಧಾನದ ಆಟಗಳು. ರೆಡ್ ಡೆಡ್ ರಿಡೆಂಪ್ಷನ್ 2ರಲ್ಲಿ ಕುದುರೆಯನ್ನು ನಡೆಸಿಕೊಂಡು ಬೆಟ್ಟದ ತುದಿಗೆ ಹೋಗಿ ಬಯಲನ್ನು ನೋಡುತ್ತ ನಿಲ್ಲುವವರಿಗೆ, ಫ್ಲೈಟ್ ಸಿಮ್ಯುಲೇಟರ್‌ನ ಮಾಪಕಗಳನ್ನು ಓದುವವರಿಗೆ, ಸಿವಿಲೈಸೇಷನ್‌ನ ನಕ್ಷೆಯ ಮುಂದೆ ಗಂಟೆಗಟ್ಟಲೆ ಯೋಚಿಸುವವರಿಗೆ ನಿಂತ ಚಿತ್ರವೇ ಆಟ. ರೆಡ್ ಡೆಡ್ ತಯಾರಿಸಿದ ರಾಕ್‌ಸ್ಟಾರ್ ಕಂಪನಿಯ ಬೆಂಗಳೂರು ಸ್ಟುಡಿಯೋ ಕೂಡ ಅದರ ನಿರ್ಮಾಣದಲ್ಲಿ ಪಾಲು ಪಡೆದಿತ್ತು. 1997ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಧ್ರುವ ಇಂಟರ‍್ಯಾಕ್ಟಿವ್ ಹೊರದೇಶದ ಆಟಗಳಿಗೆ ವರ್ಷಗಟ್ಟಲೆ ಚಿತ್ರಕಲೆ ಮಾಡಿಕೊಟ್ಟು, 2019ರಲ್ಲಿ ಅದೇ ರಾಕ್‌ಸ್ಟಾರ್‌ನ ತೆಕ್ಕೆಗೆ ಸೇರಿತು. ಗೋಡೆಯ ಇಟ್ಟಿಗೆಯ ಬಿರುಕು, ಜೀನಿನ ಚರ್ಮದ ಹೊಲಿಗೆ, ಕಾರಿನ ಡ್ಯಾಷ್‌ಬೋರ್ಡಿನ ಗೀಚುಗಳನ್ನು ವಾರಗಟ್ಟಲೆ ಕೂತು ತಿದ್ದುವ ಕಲಾವಿದರ ಕೆಲಸವನ್ನು ಅದು ಇರುವಂತೆ ನೋಡಬೇಕೆಂಬ ಆಸೆ ಒಳ್ಳೆಯ ಆಸೆ. ಅಂಥವರು 32 ಇಂಚಿನ 4ಕೆಯ ಮುಂದೆ ಸುಖವಾಗಿರುತ್ತಾರೆ. ಅವರಿಗೂ 144 ಹರ್ಟ್ಸ್ ಇರಲಿ ಎಂದಷ್ಟೇ ನನ್ನ ಸೇರ್ಪಡೆ, ಕುದುರೆ ಓಡುವ ಹೊತ್ತೂ ಬರುತ್ತದೆ.

ಎರಡನೆಯದು ನಮ್ಮ ಅಕ್ಷರ. ಆಟದ ಮಾನಿಟರ್ ಎಂದು ಕೊಂಡರೂ ಮನೆಯಲ್ಲಿ ಅದು ಆಟಕ್ಕಷ್ಟೇ ಮೀಸಲಾಗಿರುವುದು ಅಪರೂಪ. ಅದರಲ್ಲೇ ಪಾಠ, ಅದರಲ್ಲೇ ಪತ್ರಿಕೆ, ಅದರಲ್ಲೇ ಕನ್ನಡ ಬೆರಳಚ್ಚು. ಕನ್ನಡದ ಲಿಪಿ ಪಿಕ್ಸೆಲ್‌ಗಳನ್ನು ಧಾರಾಳವಾಗಿ ಕೇಳುತ್ತದೆ. ‘ರಾಷ್ಟ್ರ’ ಎಂದು ಬರೆದಾಗ ಷ ಅಕ್ಷರದ ಕೆಳಗೆ ಟ ಒತ್ತು, ಅದರ ಜೊತೆಗೆ ರ ಒತ್ತು ಬರಬೇಕು. ಮಾಮೂಲಿ ಗಾತ್ರದಲ್ಲಿ ಇದಕ್ಕೆಲ್ಲ ಸೇರಿ ಸಿಗುವ ಎತ್ತರ ಸುಮಾರು 16 ಚುಕ್ಕಿ. ಒತ್ತುಗಳ ಪಾಲಿಗೆ ಬರುವುದು ಬೆರಳೆಣಿಕೆಯಷ್ಟು. ರ ಮತ್ತು ಠ ನಡುವೆ ಇರುವುದು ಒಂದು ಬೊಟ್ಟು, ದ ಮತ್ತು ಧ ನಡುವೆ ಒಂದು ಸೀಳು, ಪ ಮತ್ತು ಷ ನಡುವೆ ಹೊಟ್ಟೆಯ ಒಂದು ಗೆರೆ. ಚುಕ್ಕಿ ದಪ್ಪವಾದಷ್ಟೂ ಈ ಬೊಟ್ಟು, ಸೀಳು, ಗೆರೆಗಳು ಬೂದು ಬಣ್ಣದಲ್ಲಿ ಕಲಸಿಹೋಗುತ್ತವೆ. 27 ಇಂಚಿನ 4ಕೆಯನ್ನು ವಿಂಡೋಸ್‌ನಲ್ಲಿ ಶೇಕಡ 150ಕ್ಕೆ ಇಟ್ಟರೆ ಅಕ್ಷರದ ಗಾತ್ರ 1440ಪಿಯಷ್ಟೇ ಇದ್ದು, 16 ಚುಕ್ಕಿಯ ಜಾಗದಲ್ಲಿ 24 ಸಿಗುತ್ತವೆ. ದಿನಕ್ಕೆ ಎಂಟು ಗಂಟೆ ಕನ್ನಡ ಓದಿ ಬರೆದು, ರಾತ್ರಿ ಒಂದು ಗಂಟೆ ಆಡುವವರಿಗೆ ನನ್ನ ಸಲಹೆ ತಿರುಗುಮುರುಗಾಗುತ್ತದೆ: ಅವರು 4ಕೆಯನ್ನೇ ಕೊಳ್ಳಲಿ, ವೇಗವನ್ನು ಕೈಗೆ ಎಟುಕಿದಷ್ಟು ನೋಡಿಕೊಳ್ಳಲಿ. ಕ್ಯೂಡಿ-ಒಎಲ್‌ಇಡಿ ಪರದೆಗಳಲ್ಲಿ ಕೆಂಪು, ಹಸಿರು, ನೀಲಿ ಬಿಂದುಗಳು ಸಾಲಾಗಿರದೆ ತ್ರಿಕೋನದಲ್ಲಿ ಕೂತಿರುವುದರಿಂದ ಅಕ್ಷರದ ಅಂಚಿಗೆ ಬಣ್ಣದ ಎಳೆ ಕಾಣುತ್ತದೆ ಎಂಬುದೂ ಅವರ ಗಮನದಲ್ಲಿರಲಿ. 4ಕೆಯ ದಟ್ಟಣೆಯಲ್ಲಿ ಅದು ತಗ್ಗುತ್ತದೆ, 1440ಪಿಯಲ್ಲಿ ಕಣ್ಣಿಗೆ ಚುಚ್ಚುತ್ತದೆ.

ಪೆಟ್ಟಿಗೆಯ ಮೇಲಿನ ಉಳಿದ ಅಂಕಿಗಳಲ್ಲಿ ಎರಡನ್ನು ನಂಬಬಾರದು. ‘1 ಮಿಲಿಸೆಕೆಂಡ್’ ಎಂಬುದು ಒಂದು ಬೂದು ಛಾಯೆಯಿಂದ ಇನ್ನೊಂದಕ್ಕೆ ಹೋಗುವ ಅತಿ ಚುರುಕಿನ ಬದಲಾವಣೆಯ ಅಳತೆ. ಪರದೆಯನ್ನು ಮಿತಿಮೀರಿ ಚುರುಕುಗೊಳಿಸಿ ಆ ಅಂಕಿ ಪಡೆದಾಗ ಓಡುವ ವಸ್ತುವಿನ ಹಿಂದೆ ಬೆಳ್ಳನೆಯ ನೆರಳೊಂದು ಎಳೆದುಕೊಂಡು ಬರುತ್ತದೆ. ಎಲ್‌ಸಿಡಿಯ ಒಂದು ಬಗೆಯಾದ ವಿಎ ಪರದೆಗಳಲ್ಲಿ ಕಪ್ಪು ಆಳವಾಗಿರುತ್ತದೆ, ಆದರೆ ಕತ್ತಲ ದೃಶ್ಯದಲ್ಲಿ ಹಲವು ಪರದೆಗಳು ಕರಿಯ ಬಾಲ ಬಿಡುತ್ತವೆ. ಇನ್ನೊಂದು ಬಗೆಯಾದ ಐಪಿಎಸ್‌ನಲ್ಲಿ ಬಾಲ ಕಡಿಮೆ, ಕಪ್ಪು ಮಾತ್ರ ಬೂದು. ಒಎಲ್‌ಇಡಿಯಲ್ಲಿ ಎರಡು ದೋಷವೂ ಇಲ್ಲ. ಆದರೆ ಆಟದ ಮೂಲೆಯಲ್ಲಿ ಸದಾ ನಿಂತಿರುವ ನಕ್ಷೆ, ಆರೋಗ್ಯಪಟ್ಟಿಗಳು ವರ್ಷಗಳು ಕಳೆದಂತೆ ಪರದೆಯ ಮೇಲೆ ಗುರುತು ಉಳಿಸಬಹುದು, ಅದಕ್ಕೆ ವಾರಂಟಿ ಇದೆಯೇ ಎಂದು ಕೇಳಿ ತೆಗೆದುಕೊಳ್ಳಬೇಕು. ‘ಎಚ್‌ಡಿಆರ್ 400’ ಎಂಬ ಚೀಟಿಯೂ ಹೆಚ್ಚು ಹೇಳುವುದಿಲ್ಲ. ಪರದೆಯ ಬೇರೆ ಬೇರೆ ಭಾಗದ ಬೆಳಕನ್ನು ಪ್ರತ್ಯೇಕವಾಗಿ ಕುಗ್ಗಿಸಬೇಕೆಂಬ ನಿಯಮ ಆ ದರ್ಜೆಗೆ ಇಲ್ಲದ್ದರಿಂದ ಮಾಮೂಲಿ ಎಲ್‌ಸಿಡಿಯೂ ಅದನ್ನು ಪಡೆಯುತ್ತದೆ. ಇವಕ್ಕಿಂತ ನಿಜವಾಗಿ ಬೇಕಾದದ್ದು ಜಿ-ಸಿಂಕ್, ಫ್ರೀಸಿಂಕ್ ಹೆಸರಿನಲ್ಲಿ ಸಿಗುವ, ಕಾರ್ಡಿನ ಓಟಕ್ಕೆ ಪರದೆಯೇ ಹೆಜ್ಜೆ ಹೊಂದಿಸುವ ಸೌಲಭ್ಯ. ಫ್ರೇಮುಗಳು 90ರಿಂದ 70ಕ್ಕೆ ಕುಸಿದಾಗಲೂ ಚಿತ್ರ ಹರಿಯದಂತೆ, ಮುಗ್ಗರಿಸದಂತೆ ಅದು ಕಾಯುತ್ತದೆ. ಇವತ್ತು 1440ಪಿಯ ಸಾಧಾರಣ ಬೆಲೆಯ ಪರದೆಗಳಲ್ಲೂ ಅದು ಸಿಗುತ್ತದೆ.

ಪ್ಲೇಸ್ಟೇಷನ್ ಜೋಡಿಸುವ ಮನೆಗಳಲ್ಲಿ 1440ಪಿ ಕೆಲಸಕ್ಕೆ ಬಾರದು ಎಂಬ ಹಳೆಯ ಮಾತು ಇನ್ನೂ ಓಡಾಡುತ್ತಿದೆ. 2022ರ ಸೆಪ್ಟೆಂಬರ್‌ನ ಅಪ್‌ಡೇಟ್‌ನಿಂದ ಪ್ಲೇಸ್ಟೇಷನ್ 5 ಆ ರೆಸಲ್ಯೂಷನ್ನನ್ನು ನೇರವಾಗಿ ಕೊಡುತ್ತದೆ, ಆಟ ಬೆಂಬಲಿಸಿದರೆ 120 ಹರ್ಟ್ಸ್‌ನಲ್ಲೂ ಕೊಡುತ್ತದೆ. ಇನ್ನು ಕಂಪ್ಯೂಟರಿಗೆ ಜೋಡಿಸುವವರು ಪೆಟ್ಟಿಗೆ ಬಿಚ್ಚಿದ ದಿನವೇ ಮೂರು ಕಡೆ ಕಣ್ಣು ಹಾಯಿಸಬೇಕು. ಕೇಬಲ್ ಮದರ್‌ಬೋರ್ಡಿನ ತೂತಿಗೆ ಹೋಗದೆ ಗ್ರಾಫಿಕ್ಸ್ ಕಾರ್ಡಿನದಕ್ಕೇ ಹೋಗಿದೆಯೇ; ಹಳೆಯ ಕೇಬಲನ್ನೇ ಸಿಕ್ಕಿಸದೆ ಪೆಟ್ಟಿಗೆಯೊಳಗಿನ ಡಿಸ್ಪ್ಲೇಪೋರ್ಟ್ ಕೇಬಲ್ ಬಳಸಿದ್ದೇವೆಯೇ; ವಿಂಡೋಸ್‌ನ ಡಿಸ್ಪ್ಲೇ ಸೆಟ್ಟಿಂಗ್ಸ್‌ನಲ್ಲಿ ರಿಫ್ರೆಶ್ ರೇಟ್ ಎಷ್ಟು ಎಂದು ಬರೆದಿದೆ. 165 ಹರ್ಟ್ಸ್‌ನ ಹೊಸ ಪರದೆಯನ್ನು ಜೋಡಿಸಿದಾಗ ವಿಂಡೋಸ್ ಎಷ್ಟೋ ಸಲ ತಾನಾಗಿ 60ಕ್ಕೆ ಇಟ್ಟುಬಿಡುತ್ತದೆ, ಯಾರೂ ಹೋಗಿ ಬದಲಿಸದಿದ್ದರೆ ವರ್ಷಗಟ್ಟಲೆ ಅಲ್ಲೇ ಇರುತ್ತದೆ.